ಅಟ್ಟದ ಮೇಲಿನ ಗ್ರಾಮಫೋನ್ ತಟ್ಟೆಗಳಿಗೆ ಇಂದು ಎಷ್ಟು ಬೆಲೆ?

ಪ್ರಶ್ನೆ: ಕಳೆದ ವರ್ಷ ನಮ್ಮ ತಂದೆಯವರು ತೀರಿಕೊಂಡರು. ಧಾರವಾಡದ ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ ಎರಡು ಕಬ್ಬಿಣದ ಟ್ರಂಕುಗಳಲ್ಲಿ ಸುಮಾರು 140 ಗ್ರಾಮಫೋನ್ ಪ್ಲೇಟುಗಳೂ 60ರಷ್ಟು ಎಲ್‌ಪಿ ಹಾಗೂ ಚಿಕ್ಕ ರೆಕಾರ್ಡುಗಳೂ ಸಿಕ್ಕವು. ಕೆಲವು ಅಜ್ಜನ ಕಾಲದವು. ಗುಜರಿಯವರು ಎಲ್ಲಕ್ಕೂ ಸೇರಿ 4,000 ರೂಪಾಯಿ ಕೊಡುತ್ತೇವೆ ಎನ್ನುತ್ತಿದ್ದಾರೆ. ನನ್ನ ಮಗಳು ಮೊಬೈಲಿನಲ್ಲಿ ನೋಡಿ, ಇಂಥ ವಿನೈಲ್ ರೆಕಾರ್ಡುಗಳು ಲಕ್ಷಗಟ್ಟಲೆಗೆ ಹೋಗುತ್ತವೆ ಎನ್ನುತ್ತಾಳೆ. ಇವುಗಳ ನಿಜವಾದ ಬೆಲೆ ಎಷ್ಟು? ಮಾರಬೇಕೇ, ಇಟ್ಟುಕೊಳ್ಳಬೇಕೇ?

ಉತ್ತರ: ಮೊದಲು ಎರಡು ಮಾತು. ಗುಜರಿಯವರಿಗೆ ಈಗಲೇ ಒಪ್ಪಿಗೆ ಕೊಡಬೇಡಿ. ತಟ್ಟೆಗಳನ್ನು ಯಾವ ದ್ರವದಿಂದಲೂ ಒರೆಸಬೇಡಿ. ಅವರು ಹೇಳಿದ ಮೊತ್ತವೂ ನಿಮ್ಮ ಮಗಳು ನೋಡಿದ ಮೊತ್ತವೂ ನಿಮ್ಮ ಸಂಗ್ರಹಕ್ಕೆ ಹೊಂದುವುದಿಲ್ಲ. 200 ತಟ್ಟೆಗಳನ್ನು ಒಂದು ಗುಡ್ಡೆಯಾಗಿ ನೋಡಿದಾಗ ಸಿಗುವ ಬೆಲೆ ಒಂದು, ಅವುಗಳಲ್ಲಿ ಯಾವುದು ಯಾವುದೆಂದು ತಿಳಿದ ಮೇಲೆ ಸಿಗುವ ಬೆಲೆ ಇನ್ನೊಂದು. ನನ್ನ ಅನುಭವದಲ್ಲಿ ಇಂಥ ಮನೆತನದ ಸಂಗ್ರಹಗಳಲ್ಲಿ ಹತ್ತರಲ್ಲಿ ಎಂಟು ಭಾಗ ಸಾಮಾನ್ಯ ತಟ್ಟೆಗಳೇ ಇರುತ್ತವೆ. ಉಳಿದ ಎರಡು ಭಾಗವನ್ನು ಗುರುತಿಸುವುದರಲ್ಲಿಯೇ ಕೆಲಸವೆಲ್ಲ ಅಡಗಿದೆ.

ನಿಮ್ಮ 140 ಪ್ಲೇಟುಗಳು ವಿನೈಲ್ ಎಂಬ ಪ್ಲಾಸ್ಟಿಕ್ಕಿನವಲ್ಲ ಎಂಬುದನ್ನು ಆರಂಭದಲ್ಲಿಯೇ ಹೇಳಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಆ ಭಾರವಾದ ಕಪ್ಪು ತಟ್ಟೆಗಳು ಅರಗಿನಿಂದ ಮಾಡಿದವು. ಮರದ ಮೇಲೆ ಅರಗಿನ ಹುಳು ಕಟ್ಟುವ ಅಂಟನ್ನು ಶುದ್ಧಿಮಾಡಿ, ಅದಕ್ಕೆ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ ಒತ್ತಿದ ಈ ತಟ್ಟೆಗಳು ಕೈಜಾರಿದರೆ ಹಂಚಿನಂತೆ ಒಡೆಯುತ್ತವೆ. ಜಗತ್ತಿನ ಬಹುಪಾಲು ಅರಗು ನಮ್ಮ ದೇಶದಿಂದಲೇ ಹೋಗುತ್ತಿತ್ತು. 10 ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟು ಮಾತ್ರ ಸಂಗೀತ ಹಿಡಿಯುತ್ತಿದ್ದುದರಿಂದ ಗಂಟೆಗಟ್ಟಲೆ ಹಾಡುವ ಗವಾಯಿಗಳು ಇಡೀ ರಾಗವನ್ನು ಆ ಅವಧಿಯೊಳಗೆ ಅಡಕಮಾಡುವುದನ್ನು ಕಲಿತರು. ನಿಮಿಷಕ್ಕೆ ಮೂವತ್ತಮೂರೂಕಾಲಿಗಿಂತ ತುಸು ಹೆಚ್ಚು ಸುತ್ತುವ ಎಲ್‌ಪಿ, ಅಂದರೆ ಮಗ್ಗುಲಿಗೆ ಹಲವು ಹಾಡು ಹಿಡಿಯುವ ‘ಲಾಂಗ್ ಪ್ಲೇ’ ರೆಕಾರ್ಡು, ಅಮೆರಿಕದಲ್ಲಿ 1948ರಲ್ಲಿ ಬಂದಿತು. ಮರುವರ್ಷವೇ 45 ಸುತ್ತಿನ ಚಿಕ್ಕ ರೆಕಾರ್ಡು ಬಂದಿತು. ಇವೆರಡೂ ವಿನೈಲ್. ಪಾಶ್ಚಾತ್ಯ ದೇಶಗಳು 78ರ ತಟ್ಟೆಯನ್ನು 1950ರ ದಶಕದ ಕೊನೆಗೆ ಕೈಬಿಟ್ಟರೂ, ಕರೆಂಟಿಲ್ಲದ ಊರುಗಳಲ್ಲಿ ಕೀಲಿ ಕೊಡುವ ಗ್ರಾಮಫೋನುಗಳು ಇನ್ನೂ ಹಾಡುತ್ತಿದ್ದ ನಮ್ಮಲ್ಲಿ ಅದರ ತಯಾರಿಕೆ 1960ರ ದಶಕದುದ್ದಕ್ಕೂ ನಡೆಯಿತು. ಈ ಕಾರಣದಿಂದ 78ರ ತಟ್ಟೆ ಎಂದ ಮಾತ್ರಕ್ಕೆ ಅದು ಅಜ್ಜನ ಕಾಲದ್ದೇ ಎಂದು ಭಾವಿಸುವಂತಿಲ್ಲ.

ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆ ಎಲ್ಲ ಮನೆಗಳಲ್ಲಿಯೂ ಇದೆ, ಆದರೆ ಅದು ಸರಿಯಲ್ಲ. ಬೆಲೆಯನ್ನು ನಿರ್ಧರಿಸುವುದು ಮೂರು ಸಂಗತಿಗಳು: ಆ ತಟ್ಟೆಯ ಎಷ್ಟು ಪ್ರತಿಗಳು ಇಂದಿಗೆ ಉಳಿದಿವೆ, ಅದನ್ನು ಬಯಸುವವರು ಎಷ್ಟು ಮಂದಿ, ನಿಮ್ಮ ಪ್ರತಿ ಯಾವ ಸ್ಥಿತಿಯಲ್ಲಿದೆ. ಮಗಳು ಮೊಬೈಲಿನಲ್ಲಿ ಕಂಡ ದೊಡ್ಡ ಮೊತ್ತಗಳು ಸುಳ್ಳಲ್ಲ. ಟಾಮಿ ಜಾನ್ಸನ್ ಎಂಬ ಬ್ಲೂಸ್ ಗಾಯಕನ, ಪ್ಯಾರಮೌಂಟ್ ಲೇಬಲ್ಲಿನ ಒಂದು 78ರ ತಟ್ಟೆ 2013ರಲ್ಲಿ 37,100 ಡಾಲರಿಗೆ ಹರಾಜಾಯಿತು. ಬೀಟಲ್ಸ್ ತಂಡದ ರಿಂಗೊ ಸ್ಟಾರ್ ತಮ್ಮಲ್ಲಿದ್ದ, ಒಂದನೆಯ ಕ್ರಮಸಂಖ್ಯೆಯ ‘ವೈಟ್ ಆಲ್ಬಂ’ ಪ್ರತಿಯನ್ನು ಮಾರಿದಾಗ 2015ರಲ್ಲಿ ಅದಕ್ಕೆ 7,90,000 ಡಾಲರ್ ಬಂದಿತು. ಮೊದಲನೆಯದರ ಪ್ರತಿಗಳು ಕೈಬೆರಳುಗಳಲ್ಲಿ ಎಣಿಸುವಷ್ಟಿದ್ದವು, ಎರಡನೆಯದು ಜಗತ್ತಿನಲ್ಲಿ ಒಂದೇ. ಎರಡರ ಹಿಂದೆಯೂ ಹಣವಂತ ಸಂಗ್ರಾಹಕರ ದೊಡ್ಡ ಸಮುದಾಯ ನಿಂತಿತ್ತು. ಕನ್ನಡದ ತಟ್ಟೆಗಳಲ್ಲಿ ಉಳಿದಿರುವ ಪ್ರತಿ ಎರಡೋ ಮೂರೋ ಎನ್ನುವಂಥವು ಬೇಕಾದಷ್ಟಿವೆ. ಆದರೆ ಅವನ್ನು ಬಯಸಿ ಹಣ ಕೊಡುವವರು ಅಂಥ ಸಂಖ್ಯೆಯಲ್ಲಿಲ್ಲ. ಆದ್ದರಿಂದ ಕನ್ನಡದ ಮಟ್ಟಿಗೆ ಅಪರೂಪಕ್ಕೂ ಬೆಲೆಗೂ ನಡುವೆ ದೊಡ್ಡ ಅಂತರವಿದೆ, ಮತ್ತು ಆ ಅಂತರದಲ್ಲಿಯೇ ಒಳ್ಳೆಯ ತಟ್ಟೆಗಳು ಗುಜರಿಗೆ ಸೇರಿ ಹಾಳಾಗುತ್ತಿವೆ. ನಾನು ಇಷ್ಟು ದೀರ್ಘವಾಗಿ ಉತ್ತರಿಸುತ್ತಿರುವುದಕ್ಕೆ ಅದೇ ಕಾರಣ.

ಅಜ್ಜನ ಕಾಲದವು ಎಂದಿದ್ದೀರಿ. ಆ ತಟ್ಟೆಗಳನ್ನು ಹೊರತೆಗೆದು ಮೊದಲು ಅವುಗಳ ಹಿಂಬದಿಯನ್ನು ನೋಡಿ. ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣ ಆರಂಭವಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ. ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅಲ್ಲಿ ಮುದ್ರಿಸಿಕೊಂಡ ಮೂಲಗಳನ್ನು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಕಳುಹಿಸಿ, ಅಲ್ಲಿ ತಟ್ಟೆ ಒತ್ತಿಸಿ ಮತ್ತೆ ಇಲ್ಲಿಗೆ ತರಿಸುತ್ತಿದ್ದರು. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಬಂದದ್ದು 1908ರಲ್ಲಿ. ಆ ಮೊದಲಿನ ಈ ಕಂಪನಿಯ ತಟ್ಟೆಗಳಿಗೆ ಸಾಮಾನ್ಯವಾಗಿ ಒಂದೇ ಮಗ್ಗುಲಿನಲ್ಲಿ ಹಾಡು. ಇನ್ನೊಂದು ಮಗ್ಗುಲು ಬರಿದು. ಲೇಬಲ್ಲಿನ ಮೇಲೆ ಕೊಂಬಿನ ಮುಂದೆ ಕುಳಿತ ನಾಯಿಯಿರುವುದಿಲ್ಲ, ತಟ್ಟೆಯ ಮೇಲೆ ಬರೆಯುತ್ತಿರುವ ರೆಕ್ಕೆಯ ದೇವದೂತನ ಚಿತ್ರವಿರುತ್ತದೆ. ಇಂಥದ್ದು ಒಂದೇ ಒಂದು ಸಿಕ್ಕರೂ ಅದನ್ನು ಬೇರೆ ಲಕೋಟೆಯಲ್ಲಿ ಪ್ರತ್ಯೇಕವಾಗಿಡಿ, ಏಕೆಂದರೆ ಹಾಡಿದವರು ಯಾರೇ ಆಗಿರಲಿ ಅದಕ್ಕೆ ಕೊಳ್ಳುವವರಿದ್ದಾರೆ. ಹಾಡಿನ ಕೊನೆಯಲ್ಲಿ ಗಾಯಕರು ತಮ್ಮ ಹೆಸರನ್ನು ತಾವೇ ಹೇಳುವುದು ಆ ಕಾಲದ ತಟ್ಟೆಗಳ ವಿಶೇಷ. ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂಬ ಮಾತು ಅಂದಿನ ಭಾರತದಲ್ಲಿ ಮನೆಮಾತಾಗಿತ್ತು. ಸುಮಾರು 600 ಮುದ್ರಿಕೆಗಳನ್ನು ಕೊಟ್ಟ ಆ ಗಾಯಕಿ ತಮ್ಮ ಬದುಕಿನ ಕೊನೆಯ ದಿನಗಳನ್ನು ಮೈಸೂರು ಅರಸರ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಜನಪ್ರಿಯ ಹಾಡುಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಒತ್ತಿದ್ದರಿಂದ ತಡವಾಗಿ ಒತ್ತಿದ ಪ್ರತಿಗಳು ಅಷ್ಟು ದುರ್ಲಭವಲ್ಲ. ಮೊದಲ ಒತ್ತುವಿಕೆಯವು ಬಹಳ ದುರ್ಲಭ. ಹೆಸರು ಒಂದೇ ಆದರೂ ಬೆಲೆಯಲ್ಲಿ ಹತ್ತುಪಟ್ಟು ವ್ಯತ್ಯಾಸವಾಗಬಹುದು.

ನಿಮ್ಮ ಮನೆ ಧಾರವಾಡದಲ್ಲಿದೆ ಎಂಬುದು ನನಗೆ ಅತ್ಯಂತ ಆಶೆ ಹುಟ್ಟಿಸುವ ಸಂಗತಿ. 1930ರ ದಶಕದಲ್ಲಿ ಮುಂಬಯಿಯ ಸ್ಟುಡಿಯೋಗಳಿಗೆ ಹೋಗಿ ಹಾಡಿದ ನಿಮ್ಮ ಭಾಗದ ಗಾಯಕರ ತಟ್ಟೆಗಳು ಮೊದಲು ಮಾರಾಟವಾದದ್ದು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಅಂಗಡಿಗಳಲ್ಲಿಯೇ. ಲೇಬಲ್ಲಿನ ಮೇಲೆ ‘ಗಾಂಧಾರಿ’ ಎಂಬ ಹೆಸರು ಕಂಡರೆ ಯಾರೋ ಮರೆತುಹೋದ ಗಾಯಕಿಯೆಂದು ಬದಿಗಿಡಬೇಡಿ: ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ಹೊರಬಂದದ್ದು ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಡುಸಾಯಿತು. ಈ ಆರಂಭದ ತಟ್ಟೆಗಳಲ್ಲಿ ಕೇಳಿಬರುವುದು ಎತ್ತರದ, ತೆಳುವಾದ, ಬೇರೆಯೇ ಒಂದು ದನಿ. ಸಂಗ್ರಾಹಕರು ಇವನ್ನು ಹುಡುಕುವುದು ಇದೇ ಕಾರಣಕ್ಕೆ. ಮಲ್ಲಿಕಾರ್ಜುನ ಮನ್ಸೂರರು ಆ ದಶಕದಲ್ಲಿ ಎಚ್‌ಎಂವಿಗೆ (ಗ್ರಾಮಫೋನ್ ಕಂಪನಿಯ ನಾಯಿ ಗುರುತಿನ ಲೇಬಲ್) ಹಾಡಿದ 78ರ ತಟ್ಟೆಗಳಿಗೂ ಇದೇ ಮಾತು ಸಲ್ಲುತ್ತದೆ. ಅವರ 1960ರ ನಂತರದ ಎಲ್‌ಪಿಗಳು ಸುಲಭವಾಗಿ ಸಿಗುತ್ತವೆ, ಯುವಕ ಮನ್ಸೂರರ ಈ ತಟ್ಟೆಗಳು ಸಿಗುವುದಿಲ್ಲ. ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಿಂದ ಹೋಗಿ ಹಿಂದಿ ಚಿತ್ರರಂಗದಲ್ಲಿ ಹೆಸರಾದ ಅಮೀರ್‌ಬಾಯಿ ಕರ್ನಾಟಕಿಯವರದು ಇನ್ನೂ ಸ್ಪಷ್ಟವಾದ ಉದಾಹರಣೆ. ಅವರು ಹಾಡಿದ ‘ಕಿಸ್ಮತ್’ ಚಿತ್ರ 1943ರಲ್ಲಿ ಬಿಡುಗಡೆಯಾಗಿ ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅದರ ತಟ್ಟೆಗಳು ಲೆಕ್ಕವಿಲ್ಲದಷ್ಟು ಮಾರಾಟವಾದವು, ಆದ್ದರಿಂದಲೇ ಇಂದು ಅಗ್ಗ. ಅದೇ ಗಾಯಕಿ ಕನ್ನಡದಲ್ಲಿ ಹಾಡಿದ್ದು ಸಿಕ್ಕರೆ ಅದರ ಮಾತೇ ಬೇರೆ.

ಕಂಪನಿ ನಾಟಕಗಳ ರಂಗಗೀತೆಗಳನ್ನು ನಾನು ಇವೆಲ್ಲಕ್ಕಿಂತ ಮೇಲೆ ಇಡುತ್ತೇನೆ, ಆದರೆ ಇದು ನನ್ನ ಅಭಿಪ್ರಾಯವೇ ಹೊರತು ಮಾರುಕಟ್ಟೆಯ ತೀರ್ಪಲ್ಲ. ಆ ನಟನಟಿಯರು ಹಾಡಿದ ರೀತಿಗೆ ತಟ್ಟೆಯನ್ನು ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ. ಲೇಬಲ್ ಮಾಸಿದ್ದರೂ, ಗಾಯಕರ ಹೆಸರು ಕೇಳರಿಯದ್ದಾಗಿದ್ದರೂ, ಕನ್ನಡ ನಾಟಕದ ಹೆಸರಿರುವ ಪ್ರತಿಯೊಂದು ತಟ್ಟೆಯನ್ನೂ ಬೇರೆ ಮಾಡಿಡಿ. ಟ್ರಂಕಿನ ತಳದಲ್ಲಿ ಗ್ರಾಮಫೋನ್ ಕಂಪನಿಯ ಹಳೆಯ ಕನ್ನಡ ಕ್ಯಾಟಲಾಗುಗಳೋ, ಹಾಡಿನ ಸಾಹಿತ್ಯ ಅಚ್ಚಾದ ಬಿಡಿ ಹಾಳೆಗಳೋ, ಅಂಗಡಿಯ ಮೊಹರು ಬಿದ್ದ ಕಾಗದದ ಚೀಲಗಳೋ ಇದ್ದರೆ ಅವನ್ನೂ ಎಸೆಯಬೇಡಿ. ಯಾವ ತಟ್ಟೆ ಯಾವ ವರ್ಷ, ಯಾವ ಊರಿನಲ್ಲಿ ಮಾರಾಟವಾಯಿತೆಂದು ಗೊತ್ತುಮಾಡಿಕೊಳ್ಳಲು ಬೇರೆ ದಾರಿಯಿಲ್ಲದ ಕಡೆ ಈ ಕಾಗದಗಳೇ ಆಧಾರ.

1950–60ರ ದಶಕಗಳ ಹಿಂದಿ ಚಿತ್ರಗೀತೆಗಳ 78ರ ತಟ್ಟೆಗಳು ನಿಮ್ಮ ಟ್ರಂಕಿನಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುತ್ತವೆ, ಅವುಗಳಿಂದ ಹೆಚ್ಚು ಹಣ ನಿರೀಕ್ಷಿಸಬೇಡಿ. ಒಂದು ವಿಚಿತ್ರ ಅಪವಾದವನ್ನು ಮಾತ್ರ ಹೇಳುತ್ತೇನೆ. ಬೇರೆ ದೇಶಗಳಲ್ಲಿ ವಿನೈಲಿನಲ್ಲಿ ಬಂದ ಬೀಟಲ್ಸ್ ಹಾಡುಗಳನ್ನು 1960ರ ದಶಕದ ನಡುವಿನ ವರ್ಷಗಳಲ್ಲಿ ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಅರಗಿನ 78ರ ತಟ್ಟೆಗಳಾಗಿ ಒತ್ತಿದರು. ಪಾರ್ಲೋಫೋನ್ ಲೇಬಲ್ಲಿನ ಈ ಭಾರತೀಯ ತಟ್ಟೆಗಳಿಗಾಗಿ ಯೂರೋಪು, ಅಮೆರಿಕದವರು ಮುಗಿಬೀಳುತ್ತಾರೆ. ಒಳ್ಳೆಯ ಸ್ಥಿತಿಯ ಒಂದೊಂದು ತಟ್ಟೆ ಲಕ್ಷ ರೂಪಾಯಿ ಮುಟ್ಟಿದ್ದುಂಟು. ಮನೆಯಲ್ಲಿ ಆಗ ಕಾಲೇಜಿಗೆ ಹೋಗುತ್ತಿದ್ದವರು ಯಾರಾದರೂ ಇದ್ದರೇ ಎಂದು ನೆನಪುಮಾಡಿಕೊಂಡು ಹುಡುಕಿರಿ.

ಇನ್ನು ಎಲ್‌ಪಿ ಮತ್ತು ಚಿಕ್ಕ ರೆಕಾರ್ಡುಗಳ ಮಾತು. ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಬಂದದ್ದು ಚಿಕ್ಕ 45ರ ರೆಕಾರ್ಡುಗಳಲ್ಲಿ, ಮಗ್ಗುಲಿಗೆ ಒಂದೋ ಎರಡೋ ಹಾಡಿನಂತೆ. ಕೊಳ್ಳುವವರು ಹಿಂದಿಗಿಂತ ಬಹಳ ಕಡಿಮೆಯಿದ್ದುದರಿಂದ ಎಲ್‌ಪಿಗಳನ್ನು ಒತ್ತಿಸಿದ್ದೇ ಕಡಿಮೆ. 1970ರ ದಶಕ ಮುಗಿಯುವ ಹೊತ್ತಿಗೆ ಕ್ಯಾಸೆಟ್ಟು ಬಂದು ಆ ದಾರಿಯನ್ನೂ ಮುಚ್ಚಿತು. ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಮನೆಮನೆಗೆ ಹೋಯಿತೆಂಬುದನ್ನು ನೆನೆದರೆ ಈ ಬದಲಾವಣೆಯ ವೇಗ ಅರ್ಥವಾಗುತ್ತದೆ. ಹೀಗಾಗಿ ರಾಜ್‌ಕುಮಾರ್ ಚಿತ್ರಗಳ ಎಲ್‌ಪಿ, ರಾಜನ್–ನಾಗೇಂದ್ರ ಅಥವಾ ವಿಜಯಭಾಸ್ಕರ್ ಅವರ ಹಾಡುಗಳ ಎಲ್‌ಪಿ ರಟ್ಟಿನ ಹೊದಿಕೆಯ ಸಮೇತ ಸ್ವಚ್ಛವಾಗಿದ್ದರೆ ಅದಕ್ಕೆ ಹಿಂದಿಯ ಎಲ್‌ಪಿಗಿಂತ ಹೆಚ್ಚು ಬೆಲೆ ಬರುತ್ತದೆ. ಬೆಂಗಳೂರಿನವರಲ್ಲದೆ ವಿದೇಶದ ಕನ್ನಡಿಗರೂ ಇವನ್ನು ಕೊಳ್ಳುತ್ತಾರೆ. 1980ರ ಆಸುಪಾಸಿನ ಇಳಯರಾಜರ ರೆಕಾರ್ಡುಗಳನ್ನು, ಭಾಷೆ ತಿಳಿಯದ ಪಾಶ್ಚಾತ್ಯ ಯುವಕರು ಸಹ ತಾಳವಾದ್ಯಗಳ ಸೊಗಸಿಗಾಗಿ ಹುಡುಕುತ್ತಿದ್ದಾರೆ. 1983ರ ‘ಪಲ್ಲವಿ ಅನುಪಲ್ಲವಿ’ ಸಿಕ್ಕರೆ ಅಗ್ಗಕ್ಕೆ ಕೊಡಬೇಡಿ. ಇದಕ್ಕೆ ಎದುರಾಗಿ ‘ಶೋಲೆ’ಯ ಸಂಭಾಷಣೆಯ ಎಲ್‌ಪಿಯನ್ನು ನೋಡಿ: ಎಲ್ಲರೂ ಅದನ್ನು ಅಮೂಲ್ಯವೆಂದು ತೋರಿಸುತ್ತಾರೆ, ಆದರೆ ಅದು ಎಷ್ಟು ಮಾರಾಟವಾಗಿದೆಯೆಂದರೆ ಯಾವ ಹಳೆಯ ಅಂಗಡಿಗೆ ಹೋದರೂ ಒಂದು ಪ್ರತಿ ಸಿಗುತ್ತದೆ. ಕೊಳ್ಳುವವರಿಲ್ಲದೆ ಮೂಲೆಗೆ ಬಿದ್ದ ರೆಕಾರ್ಡೇ ಮುಂದೆ ದುಬಾರಿಯಾಗುವುದೂ ಉಂಟು. ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಸಿಂಥಸೈಸರಿನಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದ ಎಲ್‌ಪಿಯನ್ನು ಆಗ ಯಾರೂ ಗಮನಿಸಲಿಲ್ಲ. 2010ರಲ್ಲಿ ಅದನ್ನು ಯೂರೋಪಿನಲ್ಲಿ ಮರುಮುದ್ರಿಸಿದ ಮೇಲೆ ಮೂಲ ಪ್ರತಿಗೆ ಹತ್ತಾರು ಸಾವಿರ ರೂಪಾಯಿಯ ಬೆಲೆ ಬಂದಿದೆ.

ಸ್ಥಿತಿಯ ವಿಚಾರದಲ್ಲಿ ಮನೆಯವರ ಕಣ್ಣಿಗೂ ಕೊಳ್ಳುವವರ ಕಣ್ಣಿಗೂ ಬಹಳ ಅಂತರವಿರುತ್ತದೆ. ವ್ಯಾಪಾರದಲ್ಲಿ ‘ಗುಡ್’ ಎಂದು ಬರೆದಿದ್ದರೆ ಅದು ಒಳ್ಳೆಯ ಸ್ಥಿತಿಯಲ್ಲ, ಉದ್ದಕ್ಕೂ ಕರಕರ ಸದ್ದು ಬರುವ ತಟ್ಟೆ ಎಂದರ್ಥ. ಅದಕ್ಕಿಂತ ಮೇಲೆ ವೆರಿ ಗುಡ್, ವೆರಿ ಗುಡ್ ಪ್ಲಸ್, ನಿಯರ್ ಮಿಂಟ್, ಮಿಂಟ್ ಎಂಬ ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲು ಇಳಿದಂತೆ ಬೆಲೆ ಅರ್ಧಕ್ಕೆ ಇಳಿಯಿತೆಂದೇ ತಿಳಿಯಿರಿ. ಕಿಟಕಿಯ ಬೆಳಕಿಗೆ ತಟ್ಟೆಯನ್ನು ಓರೆಯಾಗಿ ಹಿಡಿಯಿರಿ. 78ರ ತಟ್ಟೆಯ ಗೆರೆಗಳು ಹೊಳೆಯುವ ಕಪ್ಪಾಗಿದ್ದರೆ ಸಂತೋಷ. ಬೂದು ಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಮುಳ್ಳು ಅದನ್ನು ತಿಂದುಹಾಕಿದೆ. ಒಂದೊಂದು ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕೆಂಬ ನಿಯಮವನ್ನು ಖರ್ಚಿಗೆ ಹೆದರಿ ಬಹಳಷ್ಟು ಮನೆಗಳಲ್ಲಿ ಪಾಲಿಸಲಿಲ್ಲ. ಅಂಚಿನಿಂದ ಒಳಗೆ ಹೋದ ಕೂದಲೆಳೆಯಷ್ಟು ಬಿರುಕೂ ಬೆಲೆಯನ್ನು ಕಾಲುಭಾಗಕ್ಕೆ ತರುತ್ತದೆ. ಎಲ್‌ಪಿಗಳಲ್ಲಿ ತಟ್ಟೆಯಷ್ಟೇ ಹೊದಿಕೆಯೂ ಮುಖ್ಯ. ಗೆದ್ದಲು, ಬೆಳ್ಳಿಹುಳು ತಿಂದ ರಟ್ಟು, ಪೆನ್ನಿನಲ್ಲಿ ಬರೆದ ಹೆಸರು, ಬಿಸಿಲಿಗೆ ಸೊಟ್ಟಗಾದ ತಟ್ಟೆ ಇವೆಲ್ಲ ಬೆಲೆಯನ್ನು ತಗ್ಗಿಸುತ್ತವೆ.

ನಿಮಗೆ ಅಂಕಿಗಳು ಬೇಕು ಎಂಬುದು ನನಗೆ ಗೊತ್ತಿದೆ. ನಮ್ಮ ಊರುಗಳಲ್ಲಿ ನಾನು ಈಗ ಕಾಣುತ್ತಿರುವ ಸ್ಥೂಲ ದರಗಳು ಇವು: ಸಾಮಾನ್ಯ ಚಿತ್ರಗೀತೆಯ 78ರ ತಟ್ಟೆ 50ರಿಂದ 200 ರೂಪಾಯಿ, 1930–40ರ ದಶಕದ ಶಾಸ್ತ್ರೀಯ ಅಥವಾ ರಂಗಗೀತೆಯ ತಟ್ಟೆ ಗೆರೆ ಸವೆಯದಿದ್ದರೆ 500ರಿಂದ ಕೆಲವು ಸಾವಿರ, ದೇವದೂತನ ಗುರುತಿನ ಒಂದು ಮಗ್ಗುಲಿನ ತಟ್ಟೆ ಇನ್ನೂ ಮೇಲೆ, ಚಿಕ್ಕ ರೆಕಾರ್ಡು 150ರಿಂದ 600, ಹಿಂದಿ ಚಿತ್ರಗಳ ಎಲ್‌ಪಿ 400ರಿಂದ 1,500, ಕನ್ನಡದ ಒಳ್ಳೆಯ ಎಲ್‌ಪಿ ಸಾವಿರದಿಂದ ಮೂರು ಸಾವಿರದ ಸುತ್ತ. ಇದು ಕೊನೆಯ ಗ್ರಾಹಕ ಕೊಡುವ ಬೆಲೆ. ವ್ಯಾಪಾರಿ ನಿಮಗೆ ಇದರ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಕೊಟ್ಟರೆ ಅದು ಮೋಸವಲ್ಲ, ಏಕೆಂದರೆ ಮಾರಾಟವಾಗದೆ ಉಳಿಯುವ ನೂರಾರು ತಟ್ಟೆಗಳ ಭಾರ ಅವರ ಮೇಲಿರುತ್ತದೆ. ಅಂತರಜಾಲದಲ್ಲಿ ನೋಡುವಾಗ ಮಾರುವವರು ಕೇಳಿರುವ ಬೆಲೆಯನ್ನು ನೋಡಬೇಡಿ. ಡಿಸ್ಕಾಗ್ಸ್‌ನಂಥ ತಾಣಗಳಲ್ಲಿ ಅದೇ ರೆಕಾರ್ಡು ಹಿಂದೆ ನಿಜವಾಗಿ ಎಷ್ಟಕ್ಕೆ ಹೋಗಿದೆ ಎಂಬ ದಾಖಲೆಯಿರುತ್ತದೆ, ಅದನ್ನು ನೋಡಿ. ನಿಮ್ಮ ಮಗಳು ಕಂಡದ್ದು ಬಹುಶಃ ಕೇಳಿದ ಬೆಲೆ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ 78ರ ಆಲ್ಬಂಗಳು ಇದ್ದರೆ ಅವುಗಳಿಗೆ ಕೊಳ್ಳುವವರಿಲ್ಲ. ಆದರೂ ನಿಕೊಲಾಯ್ ಮೆಟ್ನರ್ ಎಂಬ ಹೆಸರು ಕಂಡರೆ ಒಂದು ಕ್ಷಣ ನಿಲ್ಲಿ. ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳಲ್ಲಿದ್ದ ಆ ರಷ್ಯನ್ ಸಂಗೀತಗಾರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಎಚ್‌ಎಂವಿಯಲ್ಲಿ ಮುದ್ರಿಸಲು ಹಣ ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು; ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವರಿಗೆ ಅರ್ಪಿಸಿದ. ಆ ತಟ್ಟೆಗಳಿಗೆ ಪೇಟೆಯಲ್ಲಿ ದೊಡ್ಡ ಬೆಲೆಯಿಲ್ಲದಿದ್ದರೂ ನಾನಾಗಿದ್ದರೆ ಮಾರುವುದಿಲ್ಲ.

ಒರೆಸಬೇಡಿ ಎಂದೆ, ಕಾರಣವನ್ನೂ ಹೇಳಬೇಕು. ಗದಗಿನ ಕಡೆಯ ಒಂದು ಮನೆಯಲ್ಲಿ ಅಪರೂಪದ ರಂಗಗೀತೆಗಳ ತಟ್ಟೆಗಳಿವೆಯೆಂದು ನನ್ನನ್ನು ಕರೆದಿದ್ದರು. ನಾನು ಬರುತ್ತೇನೆಂದು ಮನೆಯ ಹುಡುಗರು ಹಿಂದಿನ ದಿನ ಅವನ್ನೆಲ್ಲ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಶ್ರದ್ಧೆಯಿಂದ ಒರೆಸಿಟ್ಟಿದ್ದರು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಹದಿನಾಲ್ಕು ತಟ್ಟೆಗಳ ಮೈ ಮಂಕಾಗಿ ಗೆರೆಗಳೇ ಅಳಿಸಿಹೋಗಿದ್ದವು. ಅವುಗಳಲ್ಲಿ ಎರಡನ್ನು ನಾನು ಅದಕ್ಕೆ ಮೊದಲಾಗಲಿ ಆಮೇಲಾಗಲಿ ಎಲ್ಲಿಯೂ ಕಂಡಿಲ್ಲ. ಒಣ ಮೆತ್ತನೆಯ ಬ್ರಶ್ಶಿನಿಂದ ಧೂಳು ತೆಗೆಯಿರಿ, ಅಷ್ಟು ಸಾಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೇರವಾಗಿ ನಿಲ್ಲಿಸಿ, ಹೆಂಚಿನ ಕಾವು ತಾಗುವ ಅಟ್ಟದಿಂದ ಕೆಳಗಿಳಿಸಿ ಗಾಳಿಯಾಡುವ ಕೋಣೆಯಲ್ಲಿಡಿ. ಮನೆಯಲ್ಲಿ ಕೊಂಬಿನ ಗ್ರಾಮಫೋನ್ ಇದ್ದರೆ ಅದರ ಮೇಲೆ ಎಲ್‌ಪಿ ಇಡಬೇಡಿ. ನೂರು ಗ್ರಾಂಗೂ ಮೀರಿದ ಭಾರವನ್ನು ಮುಳ್ಳಿನ ಮೇಲೆ ಹೇರುವ ಆ ಯಂತ್ರ, ಎರಡು ಗ್ರಾಂ ಭಾರಕ್ಕೆಂದು ಮಾಡಿದ ಸೂಕ್ಷ್ಮ ಗೆರೆಗಳನ್ನು ಒಂದೇ ಸಲಕ್ಕೆ ಕೆತ್ತಿಹಾಕುತ್ತದೆ. 78ರ ತಟ್ಟೆಗೂ ಇಂದಿನ ಟರ್ನ್‌ಟೇಬಲ್ಲಿನ ಎಲ್‌ಪಿ ಮುಳ್ಳು ಹೊಂದುವುದಿಲ್ಲ, ಅಗಲವಾದ ಬೇರೆ ಮುಳ್ಳು ಬೇಕು.

ಮಾರಬೇಕೇ ಎಂದು ಕೇಳಿದ್ದೀರಿ. ಹಿಂದಿ ಚಿತ್ರಗೀತೆಗಳ 78ರ ತಟ್ಟೆಗಳನ್ನೂ ಸಾಮಾನ್ಯ ಎಲ್‌ಪಿಗಳನ್ನೂ ನಿಶ್ಚಿಂತೆಯಿಂದ ಮಾರಿ. ಕನ್ನಡದ ಮತ್ತು ಉತ್ತರ ಕರ್ನಾಟಕದ ಗಾಯಕರ ಹಳೆಯ ತಟ್ಟೆಗಳನ್ನು ಮಾರುವ ಮನಸ್ಸಾದರೂ ಮೊದಲು ಡಿಜಿಟಲ್ ಪ್ರತಿ ಮಾಡಿಸಿಕೊಳ್ಳಿ. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನಂಥ ಸಂಸ್ಥೆಗಳು ಇಂಥ ತಟ್ಟೆಗಳ ಧ್ವನಿಯನ್ನು ಉಳಿಸುವ ಕೆಲಸ ಮಾಡಿವೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ನಂತರ 60 ವರ್ಷ ಇರುತ್ತದೆ, ಆದ್ದರಿಂದ 1930ರ ದಶಕದ ಮುದ್ರಿಕೆಯ ಹಕ್ಕು ಮುಗಿದು ಬಹಳ ಕಾಲವಾಗಿದೆ; ಹಾಡಿನ ಸಾಹಿತ್ಯದ ಹಕ್ಕು ಮಾತ್ರ ಬೇರೆಯಾಗಿ ಲೆಕ್ಕವಾಗುತ್ತದೆ.

ಈ ವಾರ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಲು ಕುಳಿತುಕೊಳ್ಳಿ. ಪ್ರತಿಯೊಂದು ತಟ್ಟೆಗೆ ಕಂಪನಿಯ ಹೆಸರು, ಲೇಬಲ್ಲಿನ ಬಣ್ಣ, ಅದರ ಮೇಲಿನ ಸಂಖ್ಯೆ, ಗಾಯಕರ ಹೆಸರು ಅಚ್ಚಾಗಿರುವಂತೆಯೇ, ಎರಡೂ ಮಗ್ಗುಲಿನ ಹಾಡಿನ ಮೊದಲ ಸಾಲು ಬರೆಯಿರಿ. ಗೆರೆಗಳು ಮುಗಿದು ಲೇಬಲ್ ಆರಂಭವಾಗುವ ನಡುವಿನ ಬರಿದು ಜಾಗದಲ್ಲಿ ಕೆತ್ತಿದ ಇನ್ನೊಂದು ಸಂಖ್ಯೆ ಕಾಣುತ್ತದೆ. ಅದನ್ನು ಬಿಡಬೇಡಿ, ಮೊದಲ ಒತ್ತುವಿಕೆ ಯಾವುದೆಂದು ಹೇಳುವುದು ಅದೇ. ಪಟ್ಟಿ ಸಿದ್ಧವಾದ ಮೇಲೆ ನನಗೆ ಕಳುಹಿಸಿ. ‘ಗಾಂಧಾರಿ’ ಎಂಬ ಹೆಸರು ಕಂಡರೆ ಪಟ್ಟಿ ಮುಗಿಯುವವರೆಗೂ ಕಾಯದೆ ಅಂದೇ ತಿಳಿಸಿ.